ಗಾಜು ಏರಿಸಿದ ಮೇಲೆ ಅದು ಯಾವ ದೇಶ

ನಾನು ಮುಂಬೈಯಲ್ಲಿರುವ ಒಂದು ವಿದೇಶಿ ದೂತಾವಾಸದಲ್ಲಿ ಡ್ರೈವರ್. ಯಾವ ದೇಶ ಎಂದು ಹೇಳುವುದಿಲ್ಲ. ಕೆಲಸ ಇನ್ನೂ ಇದೆ, ಇರಲಿ ಎಂಬ ಆಸೆಯೂ ಇದೆ. ಹುಟ್ಟಿನಿಂದಲೇ ನಾನು ಪುಕ್ಕಲ. ಸಿಗ್ನಲ್ ಹಳದಿಗೆ ತಿರುಗಿದ ಕೂಡಲೇ ಬ್ರೇಕ್ ಒತ್ತಿ ಹಿಂದಿನವರಿಂದ ಬೈಸಿಕೊಳ್ಳುವ ಜಾತಿ. ಪೊಲೀಸರನ್ನು ಕಂಡರೆ, ತಪ್ಪು ಮಾಡಿರಲಿ ಬಿಡಲಿ, ಕೈ ತಾನಾಗಿ ಸೀಟ್ ಬೆಲ್ಟ್ ಮುಟ್ಟಿ ನೋಡಿಕೊಳ್ಳುತ್ತದೆ. ಇಂಥವನಿಗೆ ದೂತಾವಾಸದ ಗಾಡಿ ಸಿಕ್ಕಿದ್ದು ದೇವರು ಕೊಟ್ಟ ವರವೆಂದೇ ತಿಳಿದಿದ್ದೆ. ಅದಕ್ಕೆ ನೀಲಿ ನಂಬರ್ ಪ್ಲೇಟು, ಮೇಲೆ ಬಿಳಿ ಅಕ್ಷರ. ಅದನ್ನು ಕಂಡರೆ ಟ್ರಾಫಿಕ್ ಹವಾಲ್ದಾರ ಕೈ ಎತ್ತುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ಕೆಲಸಕ್ಕೆ ಸೇರಿದಾಗ ನನಗೆ ದಾರಿ ತೋರಿಸಿದ ಹಿರಿಯ ಡ್ರೈವರ್ ಒಂದು ಪಾಠ ಹೇಳಿಕೊಟ್ಟಿದ್ದರು. ಗಾಜು ಏರಿಸಿ ಲಾಕ್ ಒತ್ತಿದೆ ಎಂದರೆ ಒಳಗೆ ಅವರ ದೇಶ. ಇಲ್ಲಿನ ಪೊಲೀಸರಿರಲಿ, ಇಲ್ಲಿನ ಸೊಳ್ಳೆಗೂ ವೀಸಾ ಬೇಕು. ಆಕ್ಸಿಡೆಂಟ್ ಆಗಲಿ, ಗಲಾಟೆ ಆಗಲಿ, ಇಳಿಯಬೇಡ, ಗಾಜು ಇಳಿಸಬೇಡ, ಆಫೀಸಿಗೆ ಫೋನ್ ಮಾಡು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇದೇ ವಿಷಯಕ್ಕೆ ಆಫೀಸಿನವರು ಕೊಟ್ಟ ಒಂದು ಇಂಗ್ಲಿಷ್ ಕಾರ್ಡೂ ಇತ್ತು. ಅದರಲ್ಲಿ ನಾನು ಓದಿದ್ದು ಫೋನ್ ನಂಬರುಗಳನ್ನು ಮಾತ್ರ. ಉಳಿದದ್ದು ಹೇಗೂ ಗೊತ್ತಲ್ಲ ಎಂಬ ಧೈರ್ಯ.

ಗೊತ್ತಿದ್ದದ್ದನ್ನು ಬಾಯಿ ಮುಚ್ಚಿ ಇಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಮ್ಮ ಒಬ್ಬ ಸಾಹೇಬರ ಮನೆ ಸಾಂತಾಕ್ರೂಜಿನ ಒಂದು ಗಲ್ಲಿಯಲ್ಲಿ, ಹೊಸ ಟವರಿನಲ್ಲಿ. ಬೆಳಿಗ್ಗೆ ಅವರು ಇಳಿದು ಬರುವವರೆಗೆ ಗಲ್ಲಿಯಲ್ಲಿ ಗಾಡಿ ನಿಲ್ಲಿಸಿ ಕಾಯುವುದು ನನ್ನ ದಿನಚರಿ. ಎದುರಿಗೆ ಮೂರು ಮಹಡಿಯ ಹಳೆಯ ಬಿಲ್ಡಿಂಗು. ಅದರ ಗ್ರೌಂಡ್ ಫ್ಲೋರಿನಲ್ಲಿ ಗಲ್ಲಿಯ ಮೂಲೆಯ ಹೋಟೆಲಿನ ಮಾಲೀಕರ ಮನೆ. ಉಡುಪಿ ಕಡೆಯವರು, ನಮ್ಮೂರಿನಿಂದ ಹತ್ತು ಮೈಲಿ ಆಚೆ. ನಾವೆಲ್ಲ ಅವರನ್ನು ದಣಿಗಳು ಎಂದೇ ಕರೆಯುವುದು. ನನ್ನ ಹೆಂಡತಿಯ ತಮ್ಮ ಹನ್ನೊಂದು ವರ್ಷದಿಂದ ಅವರ ಹೋಟೆಲಿನಲ್ಲಿ ಸಪ್ಲೈಯರ್. ನನಗೂ ಅಲ್ಲಿ ದಿನವೂ ಒಂದು ಚಹಾ ಇದ್ದೇ ಇತ್ತು.

ಹೋದ ಗಣೇಶ ಹಬ್ಬಕ್ಕೆ ಗಲ್ಲಿಯ ಮಂಟಪದಲ್ಲಿ ದಣಿಗಳು ನನ್ನನ್ನು ಕರೆದು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯನ್ನು ತೋರಿಸಿದರು. "ನಿನ್ನ ಗಾಡಿಯ ದೇಶದವಳೇ ಮಾರಾಯ. ಅಲ್ಲಿಯೇ ಹುಟ್ಟಿದ್ದು, ಅಲ್ಲಿಯದೇ ಪಾಸ್‌ಪೋರ್ಟು" ಎಂದರು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ತಾಯಿ ಕಲಿಸಿದ ಕನ್ನಡವನ್ನು ತಡವರಿಸಿಕೊಂಡು ಆಡುತ್ತಿದ್ದಳು. ಕೈಯಲ್ಲಿ ಚಹಾ ಲೋಟ ಬೇರೆ ಇತ್ತು ನನಗೆ; ನಾಲಿಗೆ ಉದ್ದವಾಯಿತು. "ಹಾಗಾದರೆ ನಿಮ್ಮ ದೇಶ ಇಲ್ಲೇ ಉಂಟು ನೋಡಿ, ಗಲ್ಲಿಯಲ್ಲಿ ನಿಂತಿದೆ. ಬಾಗಿಲು ಹಾಕಿದ ಮೇಲೆ ಒಳಗೆ ಯಾರೂ ಕಾಲಿಡುವ ಹಾಗಿಲ್ಲ, ಪೊಲೀಸರೂ" ಎಂದೆ. ದಣಿಗಳು ನಕ್ಕರು. ಅವಳು ನಗಲಿಲ್ಲ, ಗಾಡಿಯ ಕಡೆ ನೋಡಿದಳು. ನನ್ನ ಮಾತಿಗೆ ಬೆಲೆ ಬಂತು ಎಂದು ನಾನು ಬೀಗಿದೆ.

ಆಮೇಲೆ ಅವಳು ಹೊರಗೆ ಕಾಣಿಸಿದ್ದು ಕಡಿಮೆ. ಗಂಡ ದುಬೈಯಲ್ಲಿ ಹೊಸ ಹೋಟೆಲು ಹಾಕಲು ಹೋಗಿದ್ದಾನೆ ಎಂದು ಕೇಳಿದ್ದೆ. ಗಾಡಿಯಲ್ಲಿ ಕೂತರೆ ನನಗೆ ಅವರ ಮನೆಯ ಸೇಫ್ಟಿ ಡೋರು, ಅಂದರೆ ಹೊರಗಿನ ಕಬ್ಬಿಣದ ಜಾಲರಿ ಬಾಗಿಲು, ನೇರ ಕಾಣುತ್ತಿತ್ತು. ದಣಿಗಳೂ ಅವರ ಹೆಂಡತಿಯೂ ಬೆಳಿಗ್ಗೆ ದೇವಸ್ಥಾನಕ್ಕೆ ಹೋದ ಮೇಲೆ ಅದಕ್ಕೆ ಹೊರಗಿನಿಂದ ಬೀಗ ಇರುತ್ತಿತ್ತು. ಒಳಗೆ ಫ್ಯಾನ್ ತಿರುಗುತ್ತಿತ್ತು. ಒಂದೆರಡು ಸಲ ಜಾಲರಿಯ ಹಿಂದೆ ಯಾರೋ ನಿಂತದ್ದನ್ನೂ ಕಂಡಿದ್ದೆ. ಕಂಡು ಏನು ಮಾಡಿದೆ? ಕನ್ನಡಿ ಒರೆಸಿದೆ. ಊರ ಉಸಾಬರಿ ನಮಗ್ಯಾಕೆ ಎನ್ನುವುದು ಪುಕ್ಕಲರ ಗಾಯತ್ರಿ ಮಂತ್ರ.

ಆ ದಿನ ಬೆಳಿಗ್ಗೆ ಸಾಹೇಬರನ್ನು ದೆಹಲಿಯ ವಿಮಾನಕ್ಕೆ ಬಿಟ್ಟು, ಅವರ ಮನೆಯ ಕೀಲಿಯನ್ನು ಟವರಿನ ವಾಚ್‌ಮನ್‌ಗೆ ಕೊಡಲು ಗಲ್ಲಿಗೆ ಬಂದೆ. ಸುಮಾರು ಎಂಟು ಗಂಟೆ. ಗಾಡಿಯಿಂದ ಇಳಿದರೆ ಲಾಕ್ ಮಾಡಬೇಕು, ಎರಡು ನಿಮಿಷದ ಕೆಲಸವಾದರೂ ಮಾಡಬೇಕು ಎಂಬುದು ನಿಯಮ. ಮಾಡಲಿಲ್ಲ. ಕೀಲಿ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿ ಬಂದು ಕೂತೆ. ಟ್ರಿಪ್ ಶೀಟಿನಲ್ಲಿ ಕಿಲೋಮೀಟರ್ ಬರೆಯುತ್ತಿದ್ದಾಗ ಹಿಂದಿನಿಂದ ಉಸಿರಿನ ಸದ್ದು ಕೇಳಿಸಿತು. ಪೆನ್ನು ಕೈಯಲ್ಲೇ ನಿಂತಿತು.

"ಅಂಕಲ್, ಪ್ಲೀಸ್. ಹಿಂದೆ ನೋಡಬೇಡಿ. ಡೋರ್ ಲಾಕ್ ಮಾಡಿ."

ಲಾಕ್ ಒತ್ತಿದೆ. ಧೈರ್ಯದಿಂದಲ್ಲ, ಅಭ್ಯಾಸದಿಂದ. ಆಮೇಲೆ ಮೇಲಿನ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿ ನೋಡಿದರೆ ದಣಿಗಳ ಸೊಸೆ ಹಿಂದಿನ ಸೀಟಿನ ಕೆಳಗೆ ಮುದುಡಿ ಮಲಗಿದ್ದಳು. ಮನೆಯಲ್ಲಿ ತೊಡುವ ನೈಟಿ, ಒಂದೇ ಕಾಲಿನಲ್ಲಿ ಚಪ್ಪಲಿ.

"ಕೆಲಸದವರು ಇವತ್ತು ಕೀಲಿ ತಂದು, ಕಸ ಹಾಕಲು ಬಾಗಿಲು ತೆಗೆದ್ರು. ನಾನು ಓಡಿ ಬಂದೆ" ಎಂದಳು. "ನನ್ನ ಪಾಸ್‌ಪೋರ್ಟು, ಫೋನು, ಎಲ್ಲ ಮಾವ ಇಟ್ಟುಕೊಂಡಿದ್ದಾರೆ. ಮನೆಗೆ, ಅಮ್ಮನ ಹತ್ತಿರ ಹೋಗ್ತೇನೆ ಅಂದದ್ದಕ್ಕೆ. ಮೂರು ತಿಂಗಳಾಯ್ತು." ಮತ್ತೆ, "ಇನ್ನು ಅವರು ಬರುವ ಹಾಗಿಲ್ಲ ಅಲ್ವಾ? ಇದು ನನ್ನ ದೇಶ. ನೀವೇ ಹೇಳಿದ್ರಿ" ಎಂದಳು.

ಸುಳ್ಳು ಯಾಕೆ ಹೇಳಲಿ, ನನ್ನ ಮೊದಲ ಯೋಚನೆ ಅವಳನ್ನು ಇಳಿಸಿಬಿಡುವುದೇ ಆಗಿತ್ತು. ಟ್ರಿಪ್ ಶೀಟಿನಲ್ಲಿ ಹೆಸರಿಲ್ಲದವರನ್ನು ಗಾಡಿಗೆ ಹತ್ತಿಸಿದರೆ ಕೆಲಸ ಹೋಗುತ್ತದೆ. ಅದಕ್ಕೂ ಮೇಲೆ ದಣಿಗಳ ಸೊಸೆ. ಎರಡನೇ ಯೋಚನೆ, ಯಾರಿಗೂ ಕಾಣುವ ಮುಂಚೆ ಗಾಡಿ ಓಡಿಸಿಕೊಂಡು ನೇರ ಆಫೀಸಿಗೆ ಹೋಗುವುದು. ಮೊದಲನೆಯದಕ್ಕೆ ಬಾಯಿ ಬರಲಿಲ್ಲ, ಎರಡನೆಯದಕ್ಕೆ ಸಮಯ ಸಿಗಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕುವಷ್ಟರಲ್ಲಿ ಎದುರಿನ ಬಿಲ್ಡಿಂಗಿನಿಂದ ಕೆಲಸದಾಕೆಯ ಕೂಗು ಕೇಳಿತು. ಹೋಟೆಲಿನ ಇಬ್ಬರು ಓಡಿ ಬಂದರು. ಒಬ್ಬ ಸ್ಕೂಟರನ್ನು ಸರಿಯಾಗಿ ನನ್ನ ಬಂಪರಿಗೆ ಅಡ್ಡ ನಿಲ್ಲಿಸಿದ. ಹಿಂದೆ ತರಕಾರಿ ಟೆಂಪೋ ನಿಂತಿತ್ತು. ಅಲ್ಲಿಗೆ ಗಾಡಿ ಗಲ್ಲಿಯಲ್ಲಿ ಸಿಕ್ಕಿಬಿತ್ತು.

ಆಫೀಸಿನ ಡ್ಯೂಟಿ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಅಲ್ಲಿ ಕೆಲಸ ಮಾಡುವ ಮುಂಬೈಯ ಹೆಂಗಸು, ನಾವು ಡ್ಯೂಟಿ ಮೇಡಂ ಎನ್ನುತ್ತೇವೆ. ನನ್ನ ಹಿಂದಿ ಅಂದು ಹಳಿ ತಪ್ಪಿತು. ಅವರು ಸಮಾಧಾನದಿಂದ ಹುಡುಗಿಯ ಪೂರ್ತಿ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಕೇಳಿದರು. ಪಾಸ್‌ಪೋರ್ಟ್ ನಂಬರು ನೆನಪಿದೆಯೇ ಎಂದರು. ಅವಳಿಗೆ ನೆನಪಿತ್ತು. ಬಾಯಿಪಾಠ ಮಾಡಿಟ್ಟುಕೊಂಡವಳ ಹಾಗೆ ಒಂದೊಂದೇ ಅಂಕೆ ಹೇಳಿದಳು. ನಾನು ಅದನ್ನು ಎರಡು ಸಲ ತಪ್ಪಾಗಿ ಹೇಳಿ, ಮೂರನೇ ಸಲ ಸರಿ ಹೇಳಿದೆ. "ಪರಿಶೀಲಿಸಿ ಫೋನ್ ಮಾಡುತ್ತೇನೆ. ಇಳಿಯಬೇಡ, ಯಾರನ್ನೂ ಗುದ್ದಬೇಡ" ಎಂದು ಫೋನ್ ಇಟ್ಟರು.

ಆಗ ದಣಿಗಳು ಬಂದರು. ಅರ್ಧ ತೋಳಿನ ಬಿಳಿ ಶರ್ಟು, ಹಣೆಯಲ್ಲಿ ಗಂಧ, ದೇವಸ್ಥಾನದಿಂದ ನೇರ ಬಂದಿದ್ದರು. ಅವಸರವೇ ಇಲ್ಲ. ನನ್ನ ಗಾಜಿನ ಎದುರು ನಿಂತು ಜೇಬಿನಿಂದ ಫೋನ್ ತೆಗೆದರು, ನನ್ನ ಫೋನ್ ಹೊಡೆದುಕೊಂಡಿತು. ಗಾಜಿನ ಆಚೆ ಬಾಯಿ ಅಲುಗುವುದು ಕಾಣುತ್ತಿತ್ತು, ಮಾತು ಕಿವಿಯೊಳಗೆ ಬರುತ್ತಿತ್ತು.

"ಎಂಥ ಮಾರಾಯ ಇದು? ನಮ್ಮ ಸೊಸೆ ನಿನ್ನ ಗಾಡಿಯಲ್ಲಿ ಉಂಟಾ?"

"ಉಂಟು ದಣಿಗಳೇ."

"ಅವಳಿಗೆ ತಲೆ ಸ್ವಲ್ಪ ಸರಿ ಇಲ್ಲ. ಡಾಕ್ಟ್ರ ಮದ್ದು ನಡೀತಾ ಉಂಟು. ಮನೆ ವಿಷಯ ಬೀದಿಗೆ ಬರ್ಬಾರ್ದು. ನೀನು ನಮ್ಮವ. ಬಾಗಿಲು ತೆಗೆ, ನಾವು ಕರ್ಕೊಂಡು ಹೋಗ್ತೇವೆ. ನಿನ್ನ ಆಫೀಸಿಗೆ ಯಾರೂ ಹೇಳುದಿಲ್ಲ."

ಲಾಕ್ ಬಿದ್ದಿದೆಯೇ ಎಂದು ನಾನು ಇನ್ನೊಮ್ಮೆ ನೋಡಿಕೊಂಡೆ.

"ನಿನ್ನ ಭಾವಮೈದ ನಮ್ಮಲ್ಲಿ ಹನ್ನೊಂದು ವರ್ಷ ಆಯ್ತು. ಅವನಿಗೆ ಊರಲ್ಲಿ ಎಂಥ ಉಂಟು ಹೇಳು? ಯೋಚನೆ ಮಾಡು. ಇಲ್ಲದಿದ್ರೆ ನಾನು ಕಿಡ್ನ್ಯಾಪ್ ಅಂತ ಕಂಪ್ಲೇಂಟ್ ಕೊಡ್ಬೇಕಾಗ್ತದೆ."

ಆ ಶಬ್ದ ಕೇಳಿದ ಕೂಡಲೇ ನನ್ನ ಕೈ ತಾನಾಗಿ ಸೀಟ್ ಬೆಲ್ಟ್ ಮುಟ್ಟಿ ನೋಡಿಕೊಂಡಿತು. ಎಸಿ ಪೂರ್ತಿ ಇಟ್ಟಿದ್ದರೂ ಶರ್ಟು ಬೆನ್ನಿಗೆ ಅಂಟಿತ್ತು. ಹೋಟೆಲಿನವನೊಬ್ಬ ಹಿಂದಿನ ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ದಣಿಗಳು ಅವನನ್ನು ಗದರಿದರು. "ಏ, ಮುಟ್ಬೇಡ! ಅದು ಅವರ ದೇಶ. ದೊಡ್ಡ ಕೇಸಾಗ್ತದೆ."

ನನ್ನ ಗಣೇಶ ಹಬ್ಬದ ಬಡಾಯಿಯೇ ಆ ಬಾಗಿಲನ್ನು ಕಾಯುತ್ತಿತ್ತು. ಒಂದು ಕ್ಷಣ ಸಮಾಧಾನವಾಯಿತು. ಅಷ್ಟರಲ್ಲಿ ಡ್ಯೂಟಿ ಮೇಡಂ ಫೋನ್ ಬಂತು. ಹುಡುಗಿ ಅವರ ದೇಶದ ಪ್ರಜೆ ಎಂಬುದು ಖಾತ್ರಿಯಾಗಿದೆ, ತಾನು ಇನ್ನೊಬ್ಬ ಅಧಿಕಾರಿಯ ಜೊತೆ ಹೊರಟಿದ್ದೇನೆ, ದಕ್ಷಿಣ ಮುಂಬೈಯಿಂದ ಬರಬೇಕು, ದಾದರಿನಲ್ಲಿ ಟ್ರಾಫಿಕ್ ಇದ್ದರೆ ಒಂದೂವರೆ ಗಂಟೆ ಆಗಬಹುದು ಎಂದರು. "ಒಂದೂವರೆ ಗಂಟೆ ಪರವಾಗಿಲ್ಲ ಮೇಡಂ. ಗಾಡಿ ನಮ್ಮ ದೇಶ ತಾನೇ, ಯಾರೂ ಒಳಗೆ ಬರುವಂತಿಲ್ಲ" ಎಂದೆ.

ಮೇಡಂ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ಹಾಗೆ ಯಾರು ಹೇಳಿದ್ದು ನಿನಗೆ? ಗಾಡಿ ನಮ್ಮ ಸ್ವತ್ತು, ನಮ್ಮ ನೆಲ ಅಲ್ಲ. ಆಫೀಸಿನ ಕಟ್ಟಡವೂ ನಮ್ಮ ನೆಲ ಅಲ್ಲ. ಅದರೊಳಗೆ ಕೇಳದೆ ಬರಬಾರದು ಅಷ್ಟೇ. ಗಾಡಿಯನ್ನು ಸರ್ಕಾರ ತನ್ನ ಕೆಲಸಕ್ಕೆ ಎಳೆದುಕೊಳ್ಳುವಂತಿಲ್ಲ ಎಂಬಂಥ ಕೆಲವು ರಕ್ಷಣೆಗಳಿವೆ. ಆದರೆ ನೀನು ಕೂತಿರುವ ಸೀಟು ಭಾರತದಲ್ಲಿದೆ. ಅಲ್ಲಿ ನಡೆಯುವುದು ಭಾರತದ ಕಾನೂನು. ನೀನು ಭಾರತದ ಪ್ರಜೆ, ನಿನಗೆ ಯಾವ ರಕ್ಷಣೆಯೂ ಇಲ್ಲ. ಇದೆಲ್ಲ ಆ ಕಾರ್ಡಿನಲ್ಲಿ ಬರೆದಿದೆ, ಓದಿಲ್ಲವಾ?

ಹದಿನಾಲ್ಕು ವರ್ಷ ನಾನು ಆ ಸೀಟಿನಲ್ಲಿ ವಿದೇಶದಲ್ಲಿದ್ದೇನೆಂದು ಎದೆ ಉಬ್ಬಿಸಿಕೊಂಡು ಕೂತಿದ್ದೆ. ಒಂದು ನಿಮಿಷದಲ್ಲಿ ವಾಪಸು ಬಂದುಬಿಟ್ಟೆ. ಈಗ ಹೆದರಿಕೆ ಬೇರೆ ತರಹದ್ದು. ಹೊರಗಿನವರಿಗೆ ಸತ್ಯ ಗೊತ್ತಿಲ್ಲ, ನನಗೆ ಗೊತ್ತು. ಅವರು ಒಂದು ಕಲ್ಲು ತೆಗೆದುಕೊಂಡು ಗಾಜು ಒಡೆದು ಅವಳನ್ನು ಎಳೆದುಕೊಂಡು ಹೋಗುವುದಕ್ಕೂ ಅವರಿಗೂ ನಡುವೆ ಇದ್ದದ್ದು ನನ್ನ ಒಂದು ಸುಳ್ಳು ಮಾತ್ರ. ಸೀಟಿನ ಕೆಳಗಿನಿಂದ ಅವಳು, "ಏನು ಹೇಳಿದ್ರು ಅಂಕಲ್?" ಎಂದಳು. "ಬರ್ತಾ ಇದ್ದಾರೆ" ಎಂದೆ. ಉಳಿದದ್ದು ಬಾಯಿಗೆ ಬರಲಿಲ್ಲ.

ಇಪ್ಪತ್ತು ನಿಮಿಷ ಹಾಗೇ ಕಳೆಯಿತು. ಗಲ್ಲಿಯಲ್ಲಿ ಜನ ಸೇರಿತು. ಹಾಲಿನವನು, ಇಸ್ತ್ರಿಯವನು, ಶಾಲೆಗೆ ಮಕ್ಕಳನ್ನು ಬಿಟ್ಟು ಬಂದ ಹೆಂಗಸರು. ಎಲ್ಲರೂ ಗಾಜಿಗೆ ಕೈ ಅಡ್ಡ ಹಿಡಿದು ಒಳಗೆ ಇಣುಕುವವರೇ. ಯಾರೋ ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದರು. ದಣಿಗಳು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎಷ್ಟು ಹೊತ್ತು ಕೂತಿರುತ್ತೀಯ, ನಾನೂ ಕೂತಿರುತ್ತೇನೆ ಎಂಬ ಹಾಗೆ.

ಆಗ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡ ಒಬ್ಬ ಯುವಕ ಬಂದು ವಿಷಯ ಏನೆಂದು ಕೇಳಿದ. ಕೇಳಿ ನಕ್ಕ. "ಅರೇ, ಐಸಾ ಕುಛ್ ನಹೀ ಹೋತಾ. ಯೇ ಸಬ್ ಸಿನೆಮಾ ಮೇ ಹೋತಾ ಹೈ", ಗಾಡಿ ಬೇರೆ ದೇಶ ಎನ್ನುವುದೆಲ್ಲ ಸಿನೆಮಾದಲ್ಲಿ ಮಾತ್ರ, ಎಂದು ತನ್ನ ಫೋನಿನಲ್ಲಿ ಏನೋ ಹುಡುಕಿ ದಣಿಗಳಿಗೆ ತೋರಿಸಿದ. ಅವನ ಮಾತು ಗಾಜಿನೊಳಗೂ ಕೇಳಿತು. ತನಗೆ ಗೊತ್ತಿದ್ದದ್ದನ್ನು ಹೇಳಿ ಅವನು ಲೋಕಲ್ ಟ್ರೈನ್ ಹಿಡಿಯಲು ಹೋದ. ದಣಿಗಳು ಕುರ್ಚಿಯಿಂದ ಎದ್ದರು. ನನ್ನನ್ನು ನೋಡಿದ ಆ ನೋಟದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅವಮಾನ ಇತ್ತು. ನನ್ನಂಥವನ ಮಾತು ನಂಬಿ ಇಷ್ಟು ಹೊತ್ತು ಕುರ್ಚಿಯಲ್ಲಿ ಕೂತೆನಲ್ಲ ಎಂಬ ಅವಮಾನ.

"ತೆಗೀರಿ ಅವಳನ್ನ" ಎಂದರು.

ಹೋಟೆಲಿನ ಇಬ್ಬರೂ ಹಿಂದಿನ ಬಾಗಿಲಿನ ಹಿಡಿಕೆ ಹಿಡಿದು ಜಗ್ಗಿದರು. ಗಾಡಿ ಅಲ್ಲಾಡಿತು. ಒಬ್ಬ ಅಂಗೈಯಿಂದ ಗಾಜಿಗೆ ಬಡಿಯತೊಡಗಿದ. ಹುಡುಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಸದ್ದೇ ಇಲ್ಲದೆ ಅಳುತ್ತಿದ್ದಳು. ನನಗೂ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಲಾಕ್ ಗುಂಡಿ ನನ್ನ ಎಡಗೈಗೆ ಒಂದು ಗೇಣು ದೂರದಲ್ಲಿತ್ತು. ಒತ್ತಿದರೆ ಎಲ್ಲ ಮುಗಿಯುತ್ತದೆ. ಭಾವಮೈದನ ಕೆಲಸ ಉಳಿಯುತ್ತದೆ, ನನ್ನ ಕೆಲಸವೂ ಬಹುಶಃ ಉಳಿಯುತ್ತದೆ, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಸಾಯುವವಳು ಇವಳೊಬ್ಬಳೇ.

ಅಲ್ಲಿ ಕೂತಿದ್ದ ಹಾಗೇ ಮೇಡಂ ಹೇಳಿದ ಮಾತು ಇನ್ನೊಂದು ಸಲ ತಲೆಯೊಳಗೆ ಬಂತು. ಇಲ್ಲಿ ನಡೆಯುವುದು ಭಾರತದ ಕಾನೂನು. ಹಾಗಾದರೆ ಅದು ನನ್ನೊಬ್ಬನನ್ನು ಹಿಡಿಯಲು ಮಾತ್ರ ಇದೆಯಾ? ಬೇರೆ ದೇಶವಾಗಿದ್ದರೆ ಇಲ್ಲಿಗೆ ಯಾರನ್ನೂ ಕರೆಯುವ ಹಾಗಿರಲಿಲ್ಲ. ಇದೇ ದೇಶ ಎಂದಾದರೆ, ಬೀದಿಯಲ್ಲಿ ಒಬ್ಬ ಹೆಂಗಸನ್ನು ಎಳೆಯುವಾಗ ಯಾರನ್ನು ಕರೆಯುತ್ತೇವೋ ಅವರನ್ನು ಇಲ್ಲಿಗೂ ಕರೆಯಬಹುದಲ್ಲ.

"ಮಗಾ" ಎಂದೆ, "ನಾನು ಅವತ್ತು ಹೇಳಿದ್ದು ಸುಳ್ಳು. ಬೇಕಂತ ಹೇಳಿದ್ದಲ್ಲ, ಗೊತ್ತಿಲ್ಲದೆ ಹೇಳಿದ್ದು. ಇದು ನಿನ್ನ ದೇಶ ಅಲ್ಲ. ಇದು ಸಾಂತಾಕ್ರೂಜ್. ನಾನು ಪೊಲೀಸರನ್ನು ಕರೀತೇನೆ."

ಅವಳು ತಲೆ ಎತ್ತಿದಳು. ಆ ಮುಖ ಈಗಲೂ ನನ್ನ ಕಣ್ಣೆದುರಿಗಿದೆ. "ನೋ! ಮಾವನಿಗೆ ಎಲ್ಲರೂ ಗೊತ್ತು. ವಾಪಸ್ ಕೊಡ್ತಾರೆ. ನೀವು ಪ್ರಾಮಿಸ್ ಮಾಡಿದ್ರಿ ಅಂಕಲ್!" ಮುಂದಿನ ಸೀಟಿನ ಮೇಲಿನಿಂದ ಬಾಗಿ ನನ್ನ ಫೋನ್ ಹಿಡಿದ ಕೈಯನ್ನು ಎಳೆದಳು. ನಾನು ಕೈ ಬಿಡಿಸಿಕೊಂಡು ಒಂದು ಒಂದು ಎರಡು ಒತ್ತಿದೆ. ಐವತ್ತೊಂದು ವರ್ಷದಲ್ಲಿ ಮೊದಲ ಸಲ ನಾನಾಗಿ ಪೊಲೀಸರನ್ನು ಕರೆದದ್ದು. ಗಲ್ಲಿಯ ಹೆಸರು, ಟವರಿನ ಹೆಸರು, ಗಾಡಿ ನಂಬರು ಹೇಳಿ, "ಹೆಂಗಸು ಇದ್ದಾಳೆ, ಹೆಂಗಸು ಪೊಲೀಸರನ್ನೇ ಕಳಿಸಿ" ಎಂದು ಮೂರು ಸಲ ಹೇಳಿದೆ. ಆಮೇಲೆ ಹಾರ್ನ್ ಮೇಲೆ ಅಂಗೈ ಇಟ್ಟೆ. ಅವರು ಬರುವವರೆಗೆ ತೆಗೆಯಲಿಲ್ಲ. ಹಾರ್ನ್ ಶುರುವಾದ ಮೇಲೆ ಟವರಿನ ಬಾಲ್ಕನಿಗಳಲ್ಲೆಲ್ಲ ಜನ ಬಂದು ನಿಂತರು. ಅಷ್ಟು ಕಣ್ಣುಗಳ ಎದುರು ಗಾಜು ಒಡೆಯಲು ಆ ಇಬ್ಬರಿಗೆ ಕೈ ಬರಲಿಲ್ಲ.

ಹತ್ತು ನಿಮಿಷದಲ್ಲಿ ಮೋಟಾರ್‌ಸೈಕಲ್ಲಿನಲ್ಲಿ ಇಬ್ಬರು, ಅವರ ಹಿಂದೆ ಜೀಪಿನಲ್ಲಿ ಒಬ್ಬರು ಮಹಿಳಾ ಸಬ್ ಇನ್ಸ್‌ಪೆಕ್ಟರ್ ಬಂದರು. ಮರಾಠಿಯವರು, ನನಗಿಂತ ಚಿಕ್ಕವರು. ನೀಲಿ ಪ್ಲೇಟು ನೋಡಿ ಅವರೂ ಒಂದು ಕ್ಷಣ ನಿಂತರು. ನನ್ನ ಗಾಜಿನ ಹತ್ತಿರ ಬಂದು ತೆಗೆ ಎನ್ನುವಂತೆ ಸನ್ನೆ ಮಾಡಿದರು. ನಾನು ಡ್ಯೂಟಿ ಮೇಡಂಗೆ ಫೋನ್ ಮಾಡಿ, ಫೋನನ್ನು ಗಾಜಿಗೆ ಒತ್ತಿ ಹಿಡಿದೆ. ಇಬ್ಬರು ಹೆಂಗಸರೂ ಗಾಜಿನ ಆಚೀಚೆಯಿಂದ ಹಿಂದಿಯಲ್ಲಿ ಮಾತಾಡಿಕೊಂಡರು. ಗಾಡಿಯ ತಪಾಸಣೆ ಬೇಡ, ನೀವೊಬ್ಬರೇ ಒಳಗೆ ಕೂತು ಅವಳನ್ನು ಕೇಳಿ, ವಯಸ್ಕಳು, ಎಲ್ಲಿಗೆ ಹೋಗಬೇಕೆಂದು ಅವಳೇ ಹೇಳಲಿ ಎಂದು ನಮ್ಮ ಮೇಡಂ ಕೇಳಿಕೊಂಡರು. ಪೊಲೀಸ್ ಮೇಡಂ ಒಪ್ಪಿದರು.

ಇನ್ನು ಲಾಕ್ ತೆಗೆಯುವುದು ನನ್ನ ಕೆಲಸ. ಕನ್ನಡಿಯಲ್ಲಿ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ತಲೆಯಾಡಿಸುತ್ತಿದ್ದಳು. ತಪ್ಪಾದರೆ ಇವಳ ಜೀವನ ನನ್ನ ಬೆರಳಿನಿಂದಲೇ ಹಾಳಾಗುತ್ತದೆ ಎಂದು ಗೊತ್ತಿತ್ತು. ಕಣ್ಣು ಮುಚ್ಚಿ ಗುಂಡಿ ಒತ್ತಿದೆ.

ಸಬ್ ಇನ್ಸ್‌ಪೆಕ್ಟರ್ ಒಳಗೆ ಬಂದು ಬಾಗಿಲು ಹಾಕಿಕೊಂಡರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಪಾಣಿ?" ಎಂದರು. ಸಾಹೇಬರಿಗೆಂದು ಇಡುವ ನೀರಿನ ಬಾಟಲಿ ಕೊಟ್ಟೆ. ಹುಡುಗಿ ಕುಡಿದಳು. ಆಮೇಲೆ ಇಂಗ್ಲಿಷಿನಲ್ಲಿ, ನಡುವೆ ನಡುವೆ ಕನ್ನಡದಲ್ಲಿ, ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದನಿ ಗಟ್ಟಿಯಾಯಿತು. ಕನ್ನಡ ಬಂದಲ್ಲಿ ನಾನು ಹಿಂದಿ ಮಾಡಿದೆ. ಒಂದು ಕಡೆ ಅವಳು "ದಿನಾ ಬೀಗ" ಎಂದಳು. ಅದನ್ನೂ ಹಿಂದಿಯಲ್ಲಿ ಹೇಳಿದೆ.

"ತುಮ್ಹೀ ಪಾಹಿಲಂ ಕಾ?" ಪೊಲೀಸ್ ಮೇಡಂ ನನ್ನ ಕಡೆ ತಿರುಗಿ ಕೇಳಿದರು. ನೀವು ನೋಡಿದ್ದೀರಾ?

ಗಾಜಿನ ಆಚೆ ದಣಿಗಳು ನಿಂತಿದ್ದರು. ನೋಡಿದ್ದೇನೆ ಎಂದೆ. ಎಷ್ಟು ಸಲ ಎಂದರು. ತುಂಬಾ ಸಲ ಎಂದೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ನಮ್ಮ ಮೇಡಂ ಬಂದ ಮೇಲೆ ಎಲ್ಲರೂ ಠಾಣೆಗೆ ಹೋದೆವು. ಮಧ್ಯಾಹ್ನ ಎರಡರವರೆಗೆ ನನ್ನ ಹೇಳಿಕೆ ಬರೆದುಕೊಂಡರು. ಪ್ರತಿ ಪುಟದ ಕೆಳಗೆ ಸಹಿ ಹಾಕಿದೆ. ದಣಿಗಳು ವಕೀಲರನ್ನು ಕರೆಸಿದ್ದರು. ಅವರ ಉತ್ತರ ಸಣ್ಣದು, ಸ್ಪಷ್ಟ. ಬೀಗ ಎಂದೂ ಹಾಕಿಲ್ಲ. ಪಾಸ್‌ಪೋರ್ಟು ಅವಳೇ ಎಲ್ಲೋ ಕಳೆದಿದ್ದಾಳೆ. ತಲೆ ಸರಿ ಇಲ್ಲ. ಡ್ರೈವರಿಗೆ ನಮ್ಮ ಮೇಲೆ ದ್ವೇಷ. ಕೆಲಸದಾಕೆಯನ್ನು ಕರೆಸಿದರೆ ಅವಳು ಬಾಯಿ ಬಿಡಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಹೊರಗೆ ಬಂದು ನಮ್ಮ ಮೇಡಂ ಹತ್ತಿರ, ಹುಡುಗಿ ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ಬೀಗ ಹಾಕಿ ಇಟ್ಟಿದ್ದರು ಎಂಬ ಕೇಸು ನಿಲ್ಲಬೇಕಾದರೆ ಗಾಜಿನೊಳಗಿನಿಂದ ನೋಡಿದ ಒಬ್ಬ ಡ್ರೈವರಿನ ಮಾತು ಸಾಲದು ಎಂದರು. ಕೇಸು ನಿಲ್ಲದಿದ್ದರೆ ಅವಳಿಗೆ ತಲೆ ಸರಿ ಇಲ್ಲ ಎಂಬ ಮಾತೇ ಕಾಗದದಲ್ಲಿ ಉಳಿಯುತ್ತದೆ. ದಣಿಗಳು ನನ್ನ ಪಕ್ಕದಲ್ಲಿ ಹಾದು ಹೋಗುವಾಗ, "ನಿನ್ನ ಭಾವಮೈದನಿಗೆ ಬೇರೆ ಕಡೆ ನೋಡ್ಲಿಕ್ಕೆ ಹೇಳು" ಎಂದರು.

ಮನೆಗೆ ಹೋಗಲು ಪೊಲೀಸ್ ಠಾಣೆಗಿಂತ ಹೆಚ್ಚು ಹೆದರಿಕೆಯಾಯಿತು. ತಮ್ಮನ ಕೆಲಸ ಕಳೆದೆ ಎಂದು ಹೆಂಡತಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಚಪ್ಪಲಿ ಬಿಡುವ ಮುಂಚೆಯೇ ಎಲ್ಲ ಹೇಳಿಬಿಟ್ಟೆ. ಅವಳು ಅನ್ನದ ಪಾತ್ರೆ ಕೆಳಗಿಟ್ಟು ಕೇಳಿದಳು. ಕೊನೆಗೆ, "ನನಗೆ ಗೊತ್ತಿತ್ತು" ಎಂದಳು.

"ಎಂಥ ಗೊತ್ತಿತ್ತು?"

"ಬೀಗದ್ದು. ತಮ್ಮ ಹೇಳಿದ್ದ. ಎರಡು ತಿಂಗಳ ಹಿಂದೆ. ಇಲ್ಲೇ ಕೂತು ಅತ್ತಿದ್ದ."

"ನನಗೆ ಯಾಕೆ ಹೇಳ್ಲಿಲ್ಲ?"

"ನಿಮಗೆ ಹೇಳಿ ಎಂಥ ಮಾಡುದು?" ಎಂದಳು. ಬೈದು ಹೇಳಿದ್ದಲ್ಲ, ಅಕ್ಕಿ ಮುಗಿದಿದೆ ಎನ್ನುವಷ್ಟೇ ಸಹಜವಾಗಿ ಹೇಳಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಬಗ್ಗೆ ಅವಳು ಮಾಡಿಕೊಂಡಿದ್ದ ಲೆಕ್ಕ ಅಷ್ಟು. ಅಂದು ಬೆಳಿಗ್ಗೆಯಿಂದ ಪಟ್ಟ ಹೆದರಿಕೆಗಳಲ್ಲಿ ಯಾವುದೂ ಆ ಮಾತಿನಷ್ಟು ಕೊರೆಯಲಿಲ್ಲ. ಅವಳೇ ಫೋನ್ ತೆಗೆದು ತಮ್ಮನಿಗೆ, "ಇದ್ದ ಹಾಗೇ ಬಾ" ಎಂದಳು.

ಅವನು ನಾಲ್ಕು ಗಂಟೆಗೆ ಬಂದ. ನಲವತ್ತು ದಾಟಿದ ಗಂಡಸು, ಹೋಟೆಲಿನ ನೀಲಿ ಅಂಗಿಯಲ್ಲೇ ಬಂದು ಬಾಗಿಲಲ್ಲಿ ನಿಂತ. ಕೆಲಸ ಹೋದದ್ದನ್ನು ಆಗಲೇ ಹೇಳಿ ಕಳಿಸಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ನನ್ನನ್ನು ನೋಡದೆ ಅಕ್ಕನಿಗೆ ಹೇಳಿದ.

"ಅಕ್ಕ, ಮಧ್ಯಾಹ್ನ ಊಟದ ಪಾರ್ಸಲ್ ತಕ್ಕೊಂಡು ಹೋಗ್ತಿದ್ದದ್ದು ನಾನು. ದಣಿಗಳು ಕೀಲಿ ನನ್ನ ಕೈಯಲ್ಲೇ ಕೊಡ್ತಿದ್ರು. ಬೀಗ ಹಾಕ್ತಿದ್ದದ್ದು ನಾನೇ."

ಅವಳಿಗೆ ಅದು ಗೊತ್ತಿರಲಿಲ್ಲ. ಗೋಡೆ ಹಿಡಿದು ಕೂತಳು. ಕೂತಲ್ಲಿಂದಲೇ, "ಹೋಗಿ ಹೇಳು" ಎಂದಳು.

"ನನ್ನನ್ನೂ ಒಳಗೆ ಹಾಕ್ತಾರೆ."

"ಹಾಕ್ಲಿ."

ಅವನು ನನ್ನ ಕಡೆ ತಿರುಗಿದ. "ಭಾವ, ನೀವು ಬರ್ತೀರಾ?" ಎಂದ. ಹೆದರಿಕೆಯೆಂದರೆ ಏನೆಂದು ಗೊತ್ತಿರುವವನು ಜೊತೆಗಿರಲಿ ಎಂದು ಕರೆದನೋ ಏನೋ. ಇಬ್ಬರೂ ರಿಕ್ಷಾ ಹಿಡಿದು ಹೊರಟೆವು.

ಠಾಣೆಯಲ್ಲಿ ಹುಡುಗಿ ಇನ್ನೂ ಬೆಂಚಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ನಮ್ಮ ಮೇಡಂ. ಯಾರೋ ಅವಳಿಗೆ ಹೊಸ ಚಪ್ಪಲಿ ತಂದುಕೊಟ್ಟಿದ್ದರು. ಭಾವಮೈದ ಮೇಜಿನ ಎದುರು ಕೈಕಟ್ಟಿ ನಿಂತು, ಹೋಟೆಲಿನಲ್ಲಿ ಕಲಿತ ಹಿಂದಿಯಲ್ಲಿ, ಎಷ್ಟು ದಿನ, ಯಾವ ಹೊತ್ತಿಗೆ, ಕೀಲಿ ಯಾರು ಕೊಡುತ್ತಿದ್ದರು, ಎಲ್ಲವನ್ನೂ ಹೇಳಿದ. ಒಂದು ದಿನ ದಣಿಗಳು ಕಂದು ಬಣ್ಣದ ಪಾಸ್‌ಪೋರ್ಟನ್ನು ಹೋಟೆಲಿನ ಕಪಾಟಿನಲ್ಲಿ ಇಡುವುದನ್ನು ಕಂಡದ್ದನ್ನೂ ಹೇಳಿದ. ಇಬ್ಬರು ಕಾನ್‌ಸ್ಟೇಬಲ್‌ಗಳು ಆಗಲೇ ಎದ್ದು ಹೊರಟರು.

ಸಬ್ ಇನ್ಸ್‌ಪೆಕ್ಟರ್ ಹುಡುಗಿಯ ಕಡೆ ತಿರುಗಿ, ಬೀಗ ಹಾಕುತ್ತಿದ್ದವನು ಇವನೇನಾ ಎಂದು ಕೇಳಿದರು. ಅವಳು ಅವನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ.

"ಹೌದು" ಎಂದಳು. ಆಮೇಲೆ ಕನ್ನಡದಲ್ಲಿ, ಇಂಗ್ಲಿಷ್ ಒಂದಿಷ್ಟೂ ಬೆರೆಸದೆ, ನನ್ನ ಕಡೆ ನೋಡಿ ಹೇಳಿದಳು. "ದಿನಾ ಊಟ ಕೊಟ್ಟು, ಬಾಗಿಲಿನ ಆಚೆ ನಿಂತು, 'ತಪ್ಪಾಯ್ತು ಅಮ್ಮಾ' ಅಂತ ಹೇಳ್ತಿದ್ರು. ಹೇಳಿ ಬೀಗ ಹಾಕ್ತಿದ್ರು."

ಅದನ್ನು ಹಿಂದಿಯಲ್ಲಿ ಹೇಳು ಎಂದು ಸಬ್ ಇನ್ಸ್‌ಪೆಕ್ಟರ್ ನನಗೆ ಹೇಳಿದರು. ನಾನು ಹೇಳಿದೆ. ಅವರು ಅದನ್ನೂ ಬರೆದುಕೊಂಡರು.